ಕುಗ್ಗು ಹಿಗ್ಗುಗಳ ಲೆಕ್ಕ: ಅನಾಮಾರ್ಫಿಕ್ ಚಿತ್ರವೂ ಕೋಲಾರ ಸೀಮೆಯ ದಾಖಲೆಯೂ

೧

ಚಲಚ್ಚಿತ್ರವನ್ನು ಕುರಿತು ನಮ್ಮಲ್ಲಿ ನಡೆಯುವ ವಿಮರ್ಶೆ ಬಹುಮಟ್ಟಿಗೆ ಕಥೆ, ಅಭಿನಯ, ಸಂಗೀತಗಳನ್ನು ಅವಲಂಬಿಸಿರುತ್ತದೆ. ಚಿತ್ರದ ಆಕಾರ, ಎಂದರೆ ಅದರ ಅಗಲಕ್ಕೂ ಎತ್ತರಕ್ಕೂ ಇರುವ ಸಂಬಂಧ, ವಿಮರ್ಶೆಗೆ ತಕ್ಕ ವಿಷಯವೆಂದು ಎಣಿಸುವವರು ವಿರಳ. ಅದು ಯಂತ್ರವನ್ನು ನಡೆಸುವವರ ಕೆಲಸವೆಂದು ಬಿಟ್ಟುಬಿಡುವುದೇ ವಾಡಿಕೆ. ಯಂತ್ರವು ಕೆಲವರ ವಶದಲ್ಲಿ ಮಾತ್ರ ಇದ್ದ ಕಾಲಕ್ಕೆ ಈ ಉದಾಸೀನ ಸಲ್ಲುತ್ತಿತ್ತೋ ಏನೋ, ಈಗ ಸಲ್ಲದು. ಇಂದು ಕಾಲೇಜಿನ ವಿದ್ಯಾರ್ಥಿಯೂ ಅಧ್ಯಾಪಕನೂ ಕೈಯಲ್ಲಿರುವ ಫೋನಿನಿಂದಲೇ ದೇವಾಲಯ, ವೀರಗಲ್ಲು, ಶಾಸನ, ಜಾತ್ರೆಗಳನ್ನು ಚಿತ್ರಿಸಿ ಸಂಶೋಧನೆಯ ಸಾಮಗ್ರಿಯಾಗಿ ಇಡಬಹುದಾಗಿದೆ. ಆ ಕ್ಯಾಮೆರಾದ ಮುಂದೆ ಅನಾಮಾರ್ಫಿಕ್ ಅಡಾಪ್ಟರ್ ಎಂಬ ಜೋಡಣೆಯ ಮಸೂರವೊಂದನ್ನು ಹೂಡಿ, ಸಿನಿಮಾ ತೆರೆಯಂತೆ ಅಗಲವಾದ ಚಿತ್ರವನ್ನು ಪಡೆಯುವ ಸೌಕರ್ಯವೂ ಸುಲಭಬೆಲೆಗೆ ಒದಗಿದೆ. ಕೋಲಾರದ ಅಂತರಗಂಗೆಯ ಬೆಟ್ಟಸಾಲು, ಶ್ರೀನಿವಾಸಪುರದ ಮಾವಿನ ತೋಪುಗಳು, ಮಾಲೂರಿನ ಇಟ್ಟಿಗೆ ಗೂಡುಗಳು, ಮುಳಬಾಗಿಲಿನ ಬಂಡೆಬೆಟ್ಟಗಳು ಅಗಲ ಚಿತ್ರಕ್ಕೆ ತಾವೇ ಆಹ್ವಾನವೀಯುವಂಥವು.

ಆದರೆ ಈ ಅಗಲವು ಬಿಟ್ಟಿಯಾಗಿ ಬರುವುದಲ್ಲ. ಅನಾಮಾರ್ಫಿಕ್ ಮಸೂರವು ಚಿತ್ರವನ್ನು ತೆಗೆಯುವಾಗ ಅಡ್ಡಲಾಗಿ ಕುಗ್ಗಿಸುತ್ತದೆ. ತೋರಿಸುವಾಗ ಅದನ್ನು ಅಷ್ಟೇ ಹಿಗ್ಗಿಸಬೇಕು. ಮೊದಲನೆಯದು ಮಾಡಿದ ಸಾಲ, ಎರಡನೆಯದು ಅದರ ತೀರುವಳಿ. ಕೊಟ್ಟದ್ದು ಕಡಮೆಯಾದರೆ ಜನರು ಕಡ್ಡಿಯಂತೆ ಕಾಣುತ್ತಾರೆ, ಹೆಚ್ಚಾದರೆ ದಢೂತಿಯಾಗುತ್ತಾರೆ. ಹಿಗ್ಗನ್ನು ಒಂದು ಸೊಗಸೆಂದು ಭಾವಿಸುವ ರೂಢಿ ಈಚೆಗೆ ಬಳೆದಿದೆ. ಹಿಗ್ಗು ಸೊಗಸಲ್ಲ, ಅದೊಂದು ಲೆಕ್ಕ. ಆ ಲೆಕ್ಕವು ಸರಿಯಾಗಿ ಮುಗಿದ ಮೇಲೆಯೇ ಸೊಗಸಿನ ಮಾತು ಹುಟ್ಟಬೇಕು ಎಂಬುದು ಈ ಲೇಖನದಲ್ಲಿ ನಾವು ಪ್ರತಿಪಾದಿಸಹೊರಟಿರುವ ವಿಷಯ.

೨

ಅನಾಮಾರ್ಫಿಕ್ ಎಂಬ ಮಾತಿನ ಮೂಲ ಗ್ರೀಕ್. ‘ಮತ್ತೆ’ ಎಂಬ ಅರ್ಥದ ಪದವೂ ‘ರೂಪ’ ಎಂಬ ಅರ್ಥದ ಪದವೂ ಅದರಲ್ಲಿ ಸೇರಿವೆ. ಕೆಟ್ಟ ರೂಪ ಮತ್ತೆ ರೂಪುಗೊಳ್ಳುವುದೆಂಬ ಭಾವವು ಹೆಸರಿನಲ್ಲಿಯೇ ಅಡಗಿದೆ. ಚಿತ್ರಕಲೆಯಲ್ಲಿ ಈ ಉಪಾಯ ಹಳೆಯದು. ಹಾನ್ಸ್ ಹೋಲ್ಬೈನನು ೧೫೩೩ರಲ್ಲಿ ಬರೆದ ‘ರಾಯಭಾರಿಗಳು’ ಎಂಬ ಪಟದ ಕೆಳಭಾಗದಲ್ಲಿ ಅಡ್ಡಾದಿಡ್ಡಿಯಾಗಿ ಎಳೆದಂಥ ಆಕೃತಿಯೊಂದಿದೆ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದಾಗ ಅದು ತಲೆಬುರುಡೆಯಾಗಿ ಕೂಡಿಕೊಳ್ಳುತ್ತದೆ. ಅಲ್ಲಿ ರೂಪವನ್ನು ಮರಳಿ ಕೊಡುವುದು ನೋಡುವವನ ನಿಲುವು. ಚಲಚ್ಚಿತ್ರದಲ್ಲಿ ಅದನ್ನು ಮರಳಿ ಕೊಡುವುದು ಎರಡನೆಯ ಮಸೂರ, ಅಥವಾ ಈಗಿನ ಕಾಲದಲ್ಲಿ ಕಂಪ್ಯೂಟರಿನ ಗಣಿತ.

ಸಾಮಾನ್ಯ ಮಸೂರದ ಮೈ ಗೋಳದ ತುಣುಕಿನಂತೆ ಎಲ್ಲ ಕಡೆಗೂ ಸಮವಾಗಿ ಬಾಗಿರುತ್ತದೆ. ಅನಾಮಾರ್ಫಿಕ್ ಅಡಾಪ್ಟರಿನಲ್ಲಿ ಇರುವುದು ಕೊಳವೆಯ ಸಿಪ್ಪೆಯಂತೆ ಒಂದೇ ಕಡೆಗೆ ಬಾಗಿದ ಗಾಜುಗಳು. ಮುಂದೆ ನಿಮ್ನವಾದದ್ದೊಂದು, ಹಿಂದೆ ಪೀನವಾದದ್ದೊಂದು. ಇವುಗಳ ಬಲವು ಅಡ್ಡಲಾಗಿ ಮಾತ್ರ ನಡೆಯುತ್ತದೆ, ಎತ್ತರದ ಮೇಲೆ ನಡೆಯುವುದಿಲ್ಲ. ಆದ್ದರಿಂದ ೫೦ ಮಿಲಿಮೀಟರಿನ ಮಸೂರವೊಂದರ ಮುಂದೆ ೧.೩೩ ಪಟ್ಟು ಕುಗ್ಗಿಸುವ ಅಡಾಪ್ಟರನ್ನು ಇಟ್ಟರೆ, ಅದು ಎತ್ತರದಲ್ಲಿ ೫೦ ಮಿಲಿಮೀಟರಿನ ಮಸೂರವಾಗಿಯೇ ಉಳಿದು, ಅಗಲದಲ್ಲಿ ಸುಮಾರು ೩೭.೫ ಮಿಲಿಮೀಟರಿನ ಮಸೂರದಷ್ಟು ವಿಸ್ತಾರವನ್ನು ನೋಡುತ್ತದೆ. ಲಾಭವೆಂಬುದು ಇಷ್ಟೇ. ಆಮೇಲೆ ನಾವು ಮಾಡುವ ಹಿಗ್ಗಿಸುವಿಕೆಯಿಂದ ಚಿತ್ರಕ್ಕೆ ಹೊಸ ವಿವರವೇನೂ ಸೇರುವುದಿಲ್ಲ.

ಈ ಉಪಾಯವನ್ನು ಚಲಚ್ಚಿತ್ರಕ್ಕೆ ತಂದವನು ಫ್ರಾನ್ಸಿನ ಆನ್ರಿ ಕ್ರೇತ್ಯಾಂ. ೧೯೨೦ರ ದಶಕದಲ್ಲಿ ಅವನು ನಿರ್ಮಿಸಿದ ‘ಹೈಪರ್ಗೊನಾರ್’ ಎಂಬುದು ಸಾಮಾನ್ಯ ಮಸೂರದ ಮುಂದೆ ಹೂಡುವ ಜೋಡಣೆಯೇ ಆಗಿತ್ತು. ಈಗಿನ ಅಡಾಪ್ಟರ್ ಅದರ ನೇರ ಸಂತಾನ. ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ಅದನ್ನು ಕೊಂಡು ‘ಸಿನಿಮಾಸ್ಕೋಪ್’ ಎಂಬ ಹೆಸರಿಟ್ಟು, ೧೯೫೩ರಲ್ಲಿ ‘ದಿ ರೋಬ್’ ಚಿತ್ರದೊಡನೆ ಲೋಕಕ್ಕೆ ತೋರಿಸಿತು. ಅಲ್ಲಿ ಕುಗ್ಗು ಎರಡು ಪಟ್ಟು. ಫಿಲಮಿನ ಮೇಲೆ ಚೌಕಕ್ಕೆ ಸಮೀಪವಾದ ಚಿತ್ರವು ತೆರೆಯ ಮೇಲೆ ಎರಡರಷ್ಟು ಹಿಗ್ಗಿ, ಮೊದಲು ೨.೫೫ಕ್ಕೆ ೧, ಆಮೇಲೆ ೨.೩೫ಕ್ಕೆ ೧ ಎಂಬ ಪ್ರಮಾಣದಲ್ಲಿ ಕಾಣುತ್ತಿತ್ತು. ಕುಗ್ಗಿಸುವ ಮಸೂರ ಕ್ಯಾಮೆರಾದಲ್ಲಿ, ಹಿಗ್ಗಿಸುವ ಮಸೂರ ಚಿತ್ರಮಂದಿರದ ಪ್ರೊಜೆಕ್ಟರಿನಲ್ಲಿ. ಎರಡೂ ಒಂದೇ ಅಂಕಿಗೆ ಬದ್ಧವಾದುವು. ಈ ಬದ್ಧತೆಯೇ ಆ ಪದ್ಧತಿಯ ಪ್ರಾಣ.

೩

ಈ ಪದ್ಧತಿ ಭಾರತಕ್ಕೆ ಬಂದ ಚರಿತ್ರೆಯಲ್ಲಿ ಕನ್ನಡಿಗರ ಪಾಲು ಹಿರಿದು. ೧೯೫೯ರ ‘ಕಾಗಜ್ ಕೇ ಫೂಲ್’ ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ನಿರ್ದೇಶಕ ಗುರುದತ್ತರು ಹುಟ್ಟಿದ್ದು ಬೆಂಗಳೂರಿನಲ್ಲಿ, ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣವನ್ನು ಕಲಿತವರು. ಮುಂದೆ ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು.

ಆ ಚಿತ್ರದಲ್ಲಿ ಮೂರ್ತಿಯವರು ಅಗಲವನ್ನು ಬಳಸಿದ ರೀತಿ ಇಂದಿಗೂ ಪರಿಶೀಲನೆಗೆ ಅರ್ಹವಾಗಿದೆ. ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸಿ, ಬರಿದಾದ ಸ್ಟುಡಿಯೋದೊಳಗೆ ಬೆಳಕಿನ ಕಂಬವೊಂದನ್ನು ಅವರು ನಿಲ್ಲಿಸಿದರು. ಅದರ ಎರಡು ಪಕ್ಕದಲ್ಲಿಯೂ ಹರಡಿಕೊಂಡ ಕತ್ತಲೆಯೇ ತೆರೆಯ ಬಹುಭಾಗವನ್ನು ತುಂಬುತ್ತದೆ. ಎರಡು ಜೀವಗಳ ನಡುವಣ ದೂರವನ್ನು ಮಾತಿಲ್ಲದೆ ತಿಳಿಸುವುದಕ್ಕೆ ಅಗಲವು ಇಲ್ಲಿ ಉಪಯೋಗವಾಗಿದೆ. ಹೆಚ್ಚು ವಸ್ತುಗಳನ್ನು ತುರುಕುವುದಕ್ಕಲ್ಲ, ಬರಿದನ್ನು ತೋರಿಸುವುದಕ್ಕೆ ಅಗಲವನ್ನು ಬಳಸಿದ್ದು ಅವರ ಹಿರಿಮೆ. ನೋಡುವವರಿಗೆ ಆ ದೂರವು ನಿಜವೆನ್ನಿಸಬೇಕಾದರೆ ಅದರ ಹಿಂದಿನ ಲೆಕ್ಕವು ಸರಿಯಾಗಿರಬೇಕಾದದ್ದು ಅವಶ್ಯ. ಮನುಷ್ಯಾಕೃತಿಯೇ ಉಬ್ಬಿ ಕಂಡಲ್ಲಿ ಅದರ ಸುತ್ತಣ ಬರಿದಿಗೆ ಅರ್ಥವಿರದು.

ಕನ್ನಡದಲ್ಲಿ ಮೊದಲ ಸಿನಿಮಾಸ್ಕೋಪ್ ಚಿತ್ರವೆನಿಸಿದ್ದು ಎ. ವಿ. ಶೇಷಗಿರಿರಾಯರ ನಿರ್ದೇಶನದ ‘ಸೊಸೆ ತಂದ ಸೌಭಾಗ್ಯ’. ಅದು ತೆರೆ ಕಂಡದ್ದು ೧೯೭೭ರಲ್ಲಿ. ಕೋಲಾರ ಜಿಲ್ಲೆಯ ನೆಲವನ್ನು ಅಗಲ ತೆರೆಯ ಮೇಲೆ ದೇಶಕ್ಕೆಲ್ಲ ಪರಿಚಯಿಸಿದ್ದು ೨೦೧೮ರ ‘ಕೆ.ಜಿ.ಎಫ್.’, ಚಿನ್ನದ ಗಣಿಯ ಸಯನೈಡ್ ದಿಬ್ಬಗಳ ಮೇಲೆ ಅದರ ಚಿತ್ರೀಕರಣ ನಡೆಯಿತು. ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ಗಮನಿಸಬೇಕು. ತೆರೆ ಅಗಲವಾಗಿದೆಯೆಂದ ಮಾತ್ರಕ್ಕೆ ಮಸೂರವು ಅನಾಮಾರ್ಫಿಕ್ ಆಗಿರಬೇಕೆಂಬ ನಿಯಮವಿಲ್ಲ. ಸಾಮಾನ್ಯ ಮಸೂರದಿಂದ ತೆಗೆದು, ಮೇಲಣ ಕೆಳಗಣ ಪಟ್ಟಿಗಳನ್ನು ಬಿಟ್ಟುಬಿಟ್ಟರೂ ಅಗಲ ಚಿತ್ರ ದೊರೆಯುತ್ತದೆ. ಅಲ್ಲಿ ಕುಗ್ಗೂ ಇಲ್ಲ, ಹಿಗ್ಗೂ ಇಲ್ಲ. ಆದುದರಿಂದ ಆ ಬಗೆಯ ತಪ್ಪೂ ಇಲ್ಲ. ಅಗಲವೊಂದೇ ಬೇಕಾದವರಿಗೆ ಇದೇ ನಿರಪಾಯವಾದ ದಾರಿಯೆಂಬುದನ್ನು ಮುಚ್ಚಿಡಬೇಕಾಗಿಲ್ಲ.

೪

ಈಗ ಅಡಾಪ್ಟರಿನ ಮೇಲೆ ಅಚ್ಚಾಗಿರುವ ಅಂಕಿಯ ವಿಚಾರಕ್ಕೆ ಬರೋಣ. ಹೆಚ್ಚಾಗಿ ಬಳಕೆಯಲ್ಲಿರುವುದು ೧.೩೩, ಎಂದರೆ ಮೂರಕ್ಕೆ ನಾಲ್ಕು. ಈ ಅಂಕಿ ಆಕಸ್ಮಿಕವಾದದ್ದಲ್ಲ. ಹಳೆಯ ಟೆಲಿವಿಷನ್ನಿನ ತೆರೆ ೪ಕ್ಕೆ ೩. ಹೊಸ ತೆರೆ ೧೬ಕ್ಕೆ ೯. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದು ಮೂರಕ್ಕೆ ನಾಲ್ಕೇ. ೪ಕ್ಕೆ ೩ರ ವೀಡಿಯೊ ಕ್ಯಾಮೆರಾಗಳಿಂದ ೧೬ಕ್ಕೆ ೯ರ ಚಿತ್ರವನ್ನು ಪಡೆಯುವ ಸಲುವಾಗಿ ಈ ಬಗೆಯ ಅಡಾಪ್ಟರುಗಳು ಹಿಂದೆ ಬಳಕೆಯಾದುವು. ಈಗಿನ ಕ್ಯಾಮೆರಾ ತಾನೇ ೧೬ಕ್ಕೆ ೯. ಅದರ ಮುಂದೆ ಅದೇ ಅಡಾಪ್ಟರನ್ನು ಇಟ್ಟರೆ ಬರುವುದು ೨.೩೭ಕ್ಕೆ ೧, ಸಿನಿಮಾಸ್ಕೋಪಿಗೆ ಬಹು ಸಮೀಪ. ಚಿತ್ರಮಂದಿರದ ಪ್ರೊಜೆಕ್ಟರಿಗೆಂದು ಮಾಡಿದ ಎರಡು ಪಟ್ಟಿನ ಹಳೆಯ ಮಸೂರವನ್ನು ಇದೇ ಕ್ಯಾಮೆರಾದ ಮುಂದೆ ಹೂಡಿದರೆ ಬರುವುದು ೩.೫೬ಕ್ಕೆ ೧, ಅದು ಚಿತ್ರಕ್ಕಿಂತ ಹೆಚ್ಚಾಗಿ ರಿಬ್ಬನ್ನನ್ನು ಹೋಲುತ್ತದೆ. ಬಲವಾದ ಮಸೂರವೇ ಉತ್ತಮ ಮಸೂರವೆಂಬುದು ಭ್ರಮೆ. ಚೌಕಟ್ಟಿನ ಮೂಲಪ್ರಮಾಣಕ್ಕೆ ಹೊಂದುವ ಮಸೂರವೇ ಉತ್ತಮವಾದದ್ದು.

ಇದೇ ಮೂರಕ್ಕೆ ನಾಲ್ಕು ಎಂಬ ಅಂಕಿ ನಮ್ಮ ಮನೆಗಳಲ್ಲಿ ಇನ್ನೊಂದು ವೇಷದಲ್ಲಿ ಓಡಾಡುತ್ತಿರುವುದು ಗಮನಾರ್ಹ. ೧೯೫೪ರ ‘ಬೇಡರ ಕಣ್ಣಪ್ಪ’ ಮೊದಲಾದ ಹಳೆಯ ಚಿತ್ರಗಳು ಚೌಕಕ್ಕೆ ಸಮೀಪವಾದ ಆಕಾರದಲ್ಲಿ ತಯಾರಾದಂಥವು. ಅಂಥದನ್ನು ಅಗಲ ಟೆಲಿವಿಷನ್ನಿನ ತೆರೆ ತುಂಬುವಂತೆ ಎಳೆದು ನೋಡುವ ಮನೆಗಳು ಎಷ್ಟೋ ಇವೆ. ಎಳೆದಾಗ ಪ್ರತಿಯೊಂದು ಮುಖದ ಅಗಲವೂ ಎತ್ತರಕ್ಕೆ ಹೋಲಿಸಿದರೆ ಮೂರರಲ್ಲಿ ಒಂದು ಪಾಲು ಹೆಚ್ಚುತ್ತದೆ. ಅಡಾಪ್ಟರಿನ ಚಿತ್ರದಲ್ಲಿ ಮೂರಕ್ಕೆ ನಾಲ್ಕರಷ್ಟು ಹಿಗ್ಗಿಸುವುದು ನ್ಯಾಯ, ಏಕೆಂದರೆ ಮೊದಲು ಅಷ್ಟೇ ಕುಗ್ಗಿಸಲಾಗಿದೆ. ಹಳೆಯ ಚಿತ್ರದಲ್ಲಿ ಯಾರೂ ಕುಗ್ಗಿಸಿಲ್ಲ. ಇಲ್ಲದ ಸಾಲವನ್ನು ತೀರಿಸಿದಂತಾಯಿತು. ಅಂಕಿ ಒಂದೇ, ಒಂದೆಡೆ ಅದು ಸತ್ಯವನ್ನು ಮರಳಿ ಕೊಡುತ್ತದೆ, ಇನ್ನೊಂದೆಡೆ ಸತ್ಯವನ್ನು ಕೆಡಿಸುತ್ತದೆ. ನಟನ ಮುಖವನ್ನೇ ವಿಕಾರಗೊಳಿಸಿ ನೋಡಿ ಅವನ ಅಭಿನಯವನ್ನು ತೂಗುವ ವಿಮರ್ಶಕನು ಮೊದಲು ತನ್ನ ತೆರೆಯನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಹಿಗ್ಗಿಸುವ ವಿಧಾನ ಎರಡು. ೧೯೨೦ ಪಿಕ್ಸೆಲ್ ಅಗಲ, ೧೦೮೦ ಪಿಕ್ಸೆಲ್ ಎತ್ತರವಿರುವ ಚಿತ್ರದ ಅಗಲವನ್ನು ೨೫೬೦ಕ್ಕೆ ಏರಿಸಬಹುದು. ಇಲ್ಲವೇ ಅಗಲವನ್ನು ಹಾಗೆಯೇ ಇರಿಸಿ ಎತ್ತರವನ್ನು ೮೧೦ಕ್ಕೆ ಇಳಿಸಬಹುದು. ಎರಡರಿಂದಲೂ ಸಿದ್ಧಿಸುವ ಪ್ರಮಾಣ ಒಂದೇ. ಮೊದಲನೆಯದರಲ್ಲಿ ಯಂತ್ರವು ಇಲ್ಲದ ಬಿಂದುಗಳನ್ನು ಊಹಿಸಿ ತುಂಬುತ್ತದೆ. ಎರಡನೆಯದರಲ್ಲಿ ಇದ್ದ ಬಿಂದುಗಳು ಕೆಲವು ಲೋಪವಾಗುತ್ತವೆ. ದಾಖಲೆಗಾಗಿ ತೆಗೆದವರು ಕುಗ್ಗಿದ ಮೂಲವನ್ನು ಅಳಿಸದೆ ಉಳಿಸಿಕೊಳ್ಳಬೇಕೆಂಬುದು ಇದರಿಂದ ಸ್ಪಷ್ಟ.

೫

ಇದುವರೆಗೆ ಹೇಳಿದ್ದು ಅಂಕಿ ಸ್ಥಿರವಾಗಿದೆಯೆಂಬ ನಂಬಿಕೆಯ ಮೇಲೆ. ತೊಡಕಿರುವುದು ಇಲ್ಲಿಯೇ. ಅಡಾಪ್ಟರಿನ ಮೇಲೆ ಅಚ್ಚಾದ ಅಂಕಿ ದೂರದ ವಸ್ತುಗಳಿಗೆ ಸಲ್ಲುವಂಥದು. ಹತ್ತಿರದ ವಸ್ತುವಿಗೆ ಸ್ಪಷ್ಟತೆಯನ್ನು ಹೊಂದಿಸುವಾಗ ಒಳಗಿನ ಗಾಜುಗಳ ಅಂತರ ಬದಲಾಗಿ, ಕುಗ್ಗಿನ ಪ್ರಮಾಣವೂ ಇಳಿಯುತ್ತದೆ. ಹಿಗ್ಗಿಸುವಾಗ ಮಾತ್ರ ನಾವು ಅಚ್ಚಾದ ಅಂಕಿಯನ್ನೇ ಬಳಸುತ್ತೇವೆ. ಫಲವಾಗಿ ಹತ್ತಿರದ ಮುಖಗಳು ಊದಿಕೊಳ್ಳುತ್ತವೆ. ಮೊದಲ ಸಿನಿಮಾಸ್ಕೋಪ್ ಚಿತ್ರಗಳ ಕಾಲದಲ್ಲಿ ಈ ದೋಷಕ್ಕೆ ಅಮೆರಿಕದವರು ‘ಮಂಗಬಾವು’ ಎಂಬ ಹೆಸರನ್ನೇ ಇಟ್ಟಿದ್ದರು. ೧೯೫೦ರ ದಶಕದ ಕೊನೆಗೆ ಪ್ಯಾನಾವಿಷನ್ ಸಂಸ್ಥೆಯವರು ಒಂದಕ್ಕೊಂದು ಎದುರಾಗಿ ತಿರುಗುವ ಗಾಜುಗಳನ್ನು ಸೇರಿಸಿ ಇದನ್ನು ಬಹುಮಟ್ಟಿಗೆ ಪರಿಹರಿಸಿದರು. ಅಗ್ಗದ ಅಡಾಪ್ಟರುಗಳಲ್ಲಿ ಅಂಥ ಏರ್ಪಾಟನ್ನು ನಿರೀಕ್ಷಿಸುವಂತಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ೧.೩೩ ಪಟ್ಟಿನ ಅಡಾಪ್ಟರು ಹತ್ತಿರದಲ್ಲಿ ೧.೨೮ ಪಟ್ಟು ಮಾತ್ರ ಕುಗ್ಗಿಸಿತೆನ್ನಿ. ಹಿಗ್ಗಿಸಿದಾಗ ಅಗಲವು ನೂರಕ್ಕೆ ನಾಲ್ಕರಷ್ಟು ಮಿಕ್ಕುತ್ತದೆ. ಆರು ಅಡಿ ಅಗಲದ ಪೀಠವು ಚಿತ್ರದಲ್ಲಿ ಮೂರು ಅಂಗುಲ ಹೆಚ್ಚಾಗಿ ಕಾಣುತ್ತದೆ. ಕಥಾಚಿತ್ರಕ್ಕೆ ಇದು ಅಲ್ಪವಾಗಿರಬಹುದು. ಅಳತೆಯ ದಾಖಲೆಗೆ ಅಲ್ಪವಲ್ಲ.

ಈ ದೋಷವು ಎಲ್ಲ ವಸ್ತುಗಳಲ್ಲಿಯೂ ಸಮವಾಗಿ ಬಯಲಾಗುವುದಿಲ್ಲವೆಂಬುದು ಇನ್ನೂ ಮುಖ್ಯವಾದ ಮಾತು. ಅಂತರಗಂಗೆಯ ಬೆಟ್ಟಸಾಲಾಗಲಿ ಶ್ರೀನಿವಾಸಪುರದ ಮಾವಿನ ಮರಗಳ ಹಂದರವಾಗಲಿ ನೂರಕ್ಕೆ ಹತ್ತರಷ್ಟು ಹಿಗ್ಗಿದರೂ ನೋಡುವವನಿಗೆ ಗೊತ್ತಾಗದು. ಬೆಟ್ಟಕ್ಕೂ ಮರಕ್ಕೂ ನಮ್ಮ ಕಣ್ಣಿನಲ್ಲಿ ಗೊತ್ತಾದ ಪ್ರಮಾಣವಿಲ್ಲ. ಮಾಲೂರಿನ ಇಟ್ಟಿಗೆ ಗೋಡೆಯೂ ಹೀಗೆಯೇ ಮೋಸಮಾಡುತ್ತದೆ. ಆದರೆ ಇಟ್ಟಿಗೆ ಗೂಡಿನ ಮುಂದೆ ನಿಂತ ಲಾರಿಯ ಚಕ್ರವು ಕೂಡಲೇ ಸಾಕ್ಷಿ ನುಡಿಯುತ್ತದೆ. ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ಗಣಪತಿಯಂತೂ ಈ ವಿಷಯದಲ್ಲಿ ನಮಗೆ ಸಿಗುವ ಅತ್ಯುತ್ತಮ ನಿದರ್ಶನ. ಸುಮಾರು ಹದಿಮೂರು ಅಡಿ ಎತ್ತರದ ಆ ಏಕಶಿಲಾಮೂರ್ತಿ ಗರ್ಭಗುಡಿಯೊಳಗಿದೆ. ಸಮೀಪದಿಂದ ಚಿತ್ರಿಸುವವರಿಗೆ ಕುಗ್ಗಿನ ಪ್ರಮಾಣ ಇಳಿಯುವ ಸಂಭವವಿರುವುದು ಇಂಥ ಎಡೆಯಲ್ಲಿಯೇ. ಮೂರ್ತಿಯೋ ಲಂಬೋದರನದು. ಅವನ ಅಗಲ ಇನ್ನಷ್ಟು ಹೆಚ್ಚಿದರೆ ಯಾರೂ ಅನುಮಾನಪಡರು! ಸಪುರವಾದ ಕಂಬವೊಂದು ದಪ್ಪಗಾದರೆ ಕಣ್ಣು ತಡೆಯುತ್ತದೆ. ಗಣಪತಿ ದಪ್ಪಗಾದರೆ ಭಕ್ತಿಯೇ ಹೆಚ್ಚುತ್ತದೆ. ಆದರೆ ಪ್ರತಿಮೆಯ ಎತ್ತರ ಅಗಲಗಳನ್ನು ತಾಳಮಾನದಿಂದ ಗೊತ್ತುಮಾಡುವ ಶಿಲ್ಪಶಾಸ್ತ್ರದ ವಿದ್ಯಾರ್ಥಿಗೆ ಅಂಥ ಚಿತ್ರವು ಸುಳ್ಳು ಸಾಕ್ಷಿ. ಚಿತ್ರವು ಸಹಜವಾಗಿ ಕಾಣುತ್ತದೆಯೆಂಬುದು ಅದು ಸರಿಯಾಗಿದೆಯೆಂಬುದಕ್ಕೆ ಪ್ರಮಾಣವಲ್ಲ.

ಶಾಸನಗಳ ವಿಷಯದಲ್ಲಿ ಅಪಾಯ ಮತ್ತಷ್ಟು ಸೂಕ್ಷ್ಮ. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದದ್ದು. ಶಾಸನದ ಕಲ್ಲಿಗೆ ಕಾಗದವನ್ನು ಒತ್ತಿ ತೆಗೆಯುವ ಪಡಿಯಚ್ಚಿನಲ್ಲಿ ಅಕ್ಷರವು ಕಲ್ಲಿನ ಮೇಲೆ ಎಷ್ಟು ಅಗಲವೋ ಅಷ್ಟೇ ಅಗಲ. ಕನ್ನಡ ಲಿಪಿ ಶತಮಾನದಿಂದ ಶತಮಾನಕ್ಕೆ ದುಂಡಗಾಗುತ್ತ ಬಂದದ್ದು. ಆ ದುಂಡಗಿನ ತರತಮವನ್ನು ನೋಡಿ ತೇದಿಯಿಲ್ಲದ ಶಾಸನದ ಕಾಲವನ್ನು ಊಹಿಸುವುದುಂಟು. ಆವಣಿಯ ನೊಳಂಬರ ಕಾಲದ ಗುಡಿಗಳ ಸುತ್ತ, ಕೋಲಾರಮ್ಮನ ಗುಡಿಯಲ್ಲಿ, ಅಥವಾ ಯಾವುದೋ ಹೊಲದ ಬದುವಿನಲ್ಲಿ ಬಿದ್ದ ವೀರಗಲ್ಲಿನ ಮೇಲೆ ಇರುವ ಅಕ್ಷರಗಳನ್ನು ಹಿಗ್ಗಿನ ಲೆಕ್ಕವಿಲ್ಲದ ಚಿತ್ರದಲ್ಲಿ ಓದಿ ಲಿಪಿಯ ಸ್ವರೂಪವನ್ನು ನಿರ್ಣಯಿಸಹೊರಟವನು ಕಲ್ಲನ್ನು ಬಿಟ್ಟು ಗಾಜನ್ನು ಓದಿದಂತಾಗುತ್ತದೆ.

೬

ಇದಕ್ಕೆ ಪರಿಹಾರ ಕಠಿನವಾದದ್ದೇನೂ ಅಲ್ಲ. ನಿಜವಾಗಿ ದುಂಡಾದ ವಸ್ತುವೊಂದು ಬೇಕು: ಊಟದ ತಟ್ಟೆ, ಜರಡಿ, ಸೈಕಲ್ಲಿನ ಚಕ್ರ, ಯಾವುದಾದರೂ ಸರಿ. ಅಂಗಡಿಯ ಹಲಗೆಯ ಮೇಲಣ ಸೊನ್ನೆಯನ್ನು ನಂಬುವಂತಿಲ್ಲ; ಬರೆದವನೇ ಅದನ್ನು ಚಪ್ಪಟೆಯಾಗಿ ಬರೆದಿರಬಹುದು. ಆ ತಟ್ಟೆಯನ್ನು ಕ್ಯಾಮೆರಾಕ್ಕೆ ನೇರ ಎದುರಾಗಿ, ಮೂರ್ತಿ ಅಥವಾ ಕಲ್ಲು ಇರುವ ದೂರದಲ್ಲಿಯೇ ಹಿಡಿದು ಒಂದು ಚಿತ್ರ ತೆಗೆಯಬೇಕು. ಕುಗ್ಗಿದ ಮೂಲದಲ್ಲಿ ಅದರ ಎತ್ತರವನ್ನೂ ಅಗಲವನ್ನೂ ಅಳೆದು, ಎತ್ತರವನ್ನು ಅಗಲದಿಂದ ಭಾಗಿಸಬೇಕು. ಎತ್ತರ ೬೦೦, ಅಗಲ ೪೫೦ ಪಿಕ್ಸೆಲ್ ಬಂದರೆ ಕುಗ್ಗು ೧.೩೩, ಅಗಲ ೪೬೯ ಬಂದರೆ ೧.೨೮. ಹಿಗ್ಗಿಸಬೇಕಾದದ್ದು ಹೀಗೆ ಅಳೆದ ಅಂಕಿಯಿಂದ, ಅಚ್ಚಾದ ಅಂಕಿಯಿಂದಲ್ಲ. ನಡುವೆಯೂ ಎರಡು ಅಂಚುಗಳಲ್ಲಿಯೂ ಇದನ್ನು ಪರೀಕ್ಷಿಸಿದರೆ ಇನ್ನೂ ಉತ್ತಮ, ಏಕೆಂದರೆ ಕೆಲವು ಮಸೂರಗಳಲ್ಲಿ ಅಂಚಿನ ಕುಗ್ಗು ಬೇರೆ, ನಡುವಿನ ಕುಗ್ಗು ಬೇರೆ. ಅಡಾಪ್ಟರಿನ ಅಕ್ಷವು ನೆಟ್ಟಗಿರುವಂತೆಯೂ ನೋಡಿಕೊಳ್ಳಬೇಕು. ಸ್ವಲ್ಪ ತಿರುಗಿದರೂ ನೇರವಾದ ಕಂಬಗಳು ಓಲಿದಂತೆ ಕಾಣುತ್ತವೆ. ಹತ್ತಿರದ ವಸ್ತುವಿಗೆ ಅಡಾಪ್ಟರನ್ನು ದೂರದ ನೆಲೆಯಲ್ಲಿಯೇ ಇರಿಸಿ, ಅದರ ಮುಂದೆ ಸಾಮಾನ್ಯವಾದ ಪೀನಮಸೂರವೊಂದನ್ನು ಹೂಡಿ ಸ್ಪಷ್ಟತೆಯನ್ನು ಪಡೆಯುವುದು ಬಲ್ಲವರ ಕ್ರಮ. ಇದರಿಂದ ಕುಗ್ಗಿನ ಪ್ರಮಾಣ ಹೆಚ್ಚಾಗಿ ಕದಲದು.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಕಲೆಯೆಂಬುದು ಅಳತೆಗೋಲಿನ ದಾಸಿಯೇ? ಹೋಲ್ಬೈನನು ರೂಪವನ್ನು ಕೆಡಿಸಲಿಲ್ಲವೇ? ಅಡ್ಡಲಾಗಿ ಹರಿಯುವ ಬೆಳಕಿನ ಗೆರೆಗಳು, ಹಿನ್ನೆಲೆಯ ದೀಪಗಳು ಮೊಟ್ಟೆಯಂತೆ ನೀಳವಾಗುವುದು, ಇವು ಈ ಮಸೂರದ ಸಹಜವಾದ ಅಂದಗಳಲ್ಲವೇ? ಆಕ್ಷೇಪದಲ್ಲಿ ಸತ್ಯಾಂಶವುಂಟು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೋಲ್ಬೈನನ ಬುರುಡೆ ಕೆಟ್ಟ ರೂಪವೆಂಬುದು ನೋಡಿದ ಕೂಡಲೇ ತಿಳಿಯುತ್ತದೆ, ಸರಿಯಾದ ನಿಲುವಿನಿಂದ ಅದು ಸರಿಯಾಗಿಯೂ ಕಾಣುತ್ತದೆ. ಅದು ಬೇಕೆಂದು ಮಾಡಿದ, ತೀರಿಸಬಹುದಾದ ವಿಕಾರ. ಅರಿವಿಲ್ಲದೆ ಉಳಿದುಹೋದ ನೂರಕ್ಕೆ ನಾಲ್ಕರ ಹಿಗ್ಗು ಅಂಥದಲ್ಲ. ತಾನು ವಿಕಾರವೆಂದು ಅದು ಹೇಳಿಕೊಳ್ಳುವುದೇ ಇಲ್ಲ. ಬೆಳಕಿನ ಗೆರೆ, ನೀಳವಾದ ದೀಪಗಳ ವಿಷಯವಾದರೋ, ಅವು ಮಸೂರದ ಲಕ್ಷಣಗಳೇ ಹೊರತು ದೃಶ್ಯದ ಗುಣಗಳಲ್ಲ. ಕಥೆಗೆ ಅವು ಒದಗಿದರೆ ಸಂತೋಷ. ಜಾತ್ರೆಯ ದೀಪಗಳನ್ನು ದಾಖಲಿಸುವಲ್ಲಿ ಅವೇ ಮುಂದಾದರೆ ನಾವು ನೋಡುತ್ತಿರುವುದು ಜಾತ್ರೆಯನ್ನಲ್ಲ.

ಚೌಕಟ್ಟಿನ ಔಚಿತ್ಯವನ್ನೂ ಇಲ್ಲಿಯೇ ಹೇಳಬೇಕು. ತೋಪಿಗೂ ಬೆಟ್ಟಸಾಲಿಗೂ ಅಗಲ ಒಪ್ಪುತ್ತದೆ. ಗೋಪುರಕ್ಕೆ, ನಿಂತ ವೀರಗಲ್ಲಿಗೆ, ಕುರುಡುಮಲೆಯ ಮೂರ್ತಿಗೆ ಅಗಲದಿಂದ ಏನು ಪ್ರಯೋಜನ? ಎರಡು ಪಕ್ಕದ ಬರಿಯ ಗೋಡೆಯನ್ನು ತೋರಿಸುವುದಕ್ಕಾಗಿ ಶಿಖರವನ್ನು ಕತ್ತರಿಸುವುದು ವಿವೇಕವಲ್ಲ. ಅಂಥಲ್ಲಿ ಅಡಾಪ್ಟರನ್ನು ಕಳಚಿಡುವುದೇ ಲೇಸು. ಬೇಕೇ ಬೇಕಾದರೆ ಅಡಾಪ್ಟರಿನ ಸಮೇತ ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ, ಹಿಗ್ಗು ಎತ್ತರದ ಕಡೆಗೆ ಬರುವಂತೆ ಮಾಡಬಹುದು.

ಒಟ್ಟಿನಲ್ಲಿ ನಮ್ಮ ವಿನಂತಿ ಇಷ್ಟೇ. ಅಗಲ ಚಿತ್ರವನ್ನು ತೆಗೆಯಬಾರದೆಂದಲ್ಲ. ಮೂರ್ತಿಯವರು ಅದರಿಂದ ಏನನ್ನು ಸಾಧಿಸಬಹುದೆಂದು ತೋರಿಸಿದ್ದಾರೆ. ಆದರೆ ಕಾಲೇಜುಗಳಲ್ಲಿಯೂ ವಿಭಾಗಗಳಲ್ಲಿಯೂ ಶೇಖರವಾಗುವ ಪ್ರತಿಯೊಂದು ಅನಾಮಾರ್ಫಿಕ್ ದಾಖಲೆಯ ಜೊತೆಗೆ ಮೂರು ವಸ್ತುಗಳು ಇರತಕ್ಕದ್ದು: ಕುಗ್ಗಿದ ಮೂಲಚಿತ್ರ, ಅದೇ ದೂರದಲ್ಲಿ ತೆಗೆದ ತಟ್ಟೆಯ ಚಿತ್ರ, ಹಿಗ್ಗಿಸಲು ಬಳಸಿದ ಅಂಕಿ. ಕಲ್ಲು ಸವೆಯುತ್ತದೆ, ವೀರಗಲ್ಲು ಗೋಡೆಗೆ ಸೇರಿಹೋಗುತ್ತದೆ, ಗುಡಿಗೆ ಸುಣ್ಣ ಬಳಿಯುತ್ತಾರೆ. ಮುಂದೊಂದು ದಿನ ನಮ್ಮ ವಿದ್ಯಾರ್ಥಿಗಳಿಗೆ ಉಳಿಯುವುದು ಚಿತ್ರ ಮಾತ್ರವಾಗಬಹುದು. ಆಗ ಅವರು ಅದನ್ನು ಅಳೆದು ನೋಡುವಂತಿರಬೇಕು.